ಆಳದ ಮುಳುಗುಗಾರರ ಜಾನಪದ: ಒಂದು ಭಗ್ನನೌಕೆಯ ನಾಮಕರಣ

ಜಾನಪದ ಅಧ್ಯಯನದಲ್ಲಿ 'ಜನ' ಎಂಬ ಪರಿಕಲ್ಪನೆಯು ಹಳ್ಳಿ, ಅನಕ್ಷರತೆ, ಪ್ರಾಚೀನತೆಗಳ ಚೌಕಟ್ಟನ್ನು ದಾಟಿ ಬಹುಕಾಲವಾಯಿತು. ಒಂದಾದರೂ ಸಮಾನ ಅಂಶದಿಂದ ಬೆಸೆದುಕೊಂಡ ಯಾವುದೇ ಗುಂಪು 'ಜನ'ವೆನಿಸಬಹುದೆಂಬ ಅಲನ್ ಡಂಡೆಸ್ ಅವರ ವ್ಯಾಖ್ಯೆ ಕನ್ನಡದ ಜಾನಪದ ವಿದ್ವಾಂಸರಿಗೂ ಪರಿಚಿತವಾದುದೇ. ಆದರೂ ವೃತ್ತಿ ಜಾನಪದವೆಂದೊಡನೆ ನೇಕಾರ, ಕುಂಬಾರ, ಬೆಸ್ತರನ್ನು ದಾಟಿ ಗಮನ ಹರಿಯುವುದು ವಿರಳ. ಅಮೆರಿಕದ ಈಶಾನ್ಯ ಕರಾವಳಿಯ ತಣ್ಣೀರಿನಲ್ಲಿ ಮುಳುಗಿರುವ ಹಡಗುಗಳಿಗೆ ಸ್ಕೂಬಾ ಉಪಕರಣ ಧರಿಸಿ ಇಳಿಯುವವರದು ಅಂಥ ಒಂದು ಗುಂಪು. ಅವರಲ್ಲಿ ಹೆಚ್ಚಿನವರಿಗೆ ಇದು ಹೊಟ್ಟೆಪಾಡಿನ ಕಸುಬಲ್ಲ. ಆದರೆ ಕಸುಬಿಗಿರುವ ಕಟ್ಟುಪಾಡು, ಗುಟ್ಟು, ನುಡಿಗಟ್ಟು, ಸಾವಿನ ಕಥನ ಎಲ್ಲವೂ ಇವೆ. ೧೯೯೧ರಿಂದ ೧೯೯೭ರವರೆಗೆ ಈ ಗುಂಪಿನ ಕೆಲವರು ಹೆಸರಿಲ್ಲದ ಜಲಾಂತರ್ಗಾಮಿಯೊಂದಕ್ಕೆ ಹೆಸರು ಹುಡುಕಿದ ರೀತಿಯು ಲಿಖಿತ ದಾಖಲೆ ಹಾಗೂ ವಸ್ತು ಸಾಕ್ಷ್ಯಗಳ ಸಂಬಂಧವನ್ನು ಕುರಿತ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತುತ್ತದೆ.

ಮುಳುಗಿದ ಹಡಗು ಎಲ್ಲಿದೆಯೆಂಬುದು ಮೊದಲು ತಿಳಿಯುವುದು ಮೀನುಗಾರರಿಗೆ. ಸಮತಟ್ಟಾದ ಮರಳು ತಳದಲ್ಲಿ ಕಬ್ಬಿಣದ ಒಡಲೊಂದು ಬಿದ್ದಿದ್ದರೆ ಅದರ ಸುತ್ತ ಮೀನು ನೆರೆಯುತ್ತದೆ; ಬಲೆಯೂ ಅಲ್ಲಿಯೇ ಸಿಕ್ಕಿ ಹರಿಯುತ್ತದೆ. ಲೋರಾನ್ ಉಪಕರಣ ತೋರಿಸಿದ ಅಂಕಿಗಳನ್ನು ದೋಣಿಯ ಒಡೆಯರು ಟಿಪ್ಪಣಿ ಪುಸ್ತಕದಲ್ಲಿ ಬರೆದು ಬಚ್ಚಿಡುತ್ತಿದ್ದರು. ಇವರ ಆಡುಮಾತಿನಲ್ಲಿ ಅದು ಬರಿಯ 'ನಂಬರು'. ನಂಬರನ್ನು ಮಾರುವುದಕ್ಕಿಂತ ವಿನಿಮಯ ಮಾಡಿಕೊಳ್ಳುವುದೇ ಹೆಚ್ಚು. ನ್ಯೂಜೆರ್ಸಿಯ 'ಸೀಕರ್' ಎಂಬ ದೋಣಿಯ ಒಡೆಯ ಬಿಲ್ ನೇಗಲ್ ಅವರಿಗೆ ೧೯೯೧ರಲ್ಲಿ ಒಬ್ಬ ಮೀನುಗಾರ ನಾಯಕನಿಂದ ದೊರೆತದ್ದು ಇಂಥ ಒಂದು ನಂಬರು. ಆ ವರ್ಷದ ಸೆಪ್ಟೆಂಬರ್ ೨ರಂದು, ತೀರದಿಂದ ಸುಮಾರು ಅರವತ್ತು ಮೈಲಿ ದೂರದಲ್ಲಿ, ಜಾನ್ ಚಾಟರ್ಟನ್ ಮೊದಲಿಗರಾಗಿ ಲಂಗರು ಹಗ್ಗ ಹಿಡಿದು ಇಳಿದರು. ಸುಮಾರು ೭೦ ಮೀಟರ್ ಆಳದಲ್ಲಿ ಕಂಡದ್ದು ಜಲಾಂತರ್ಗಾಮಿ. ಲಂಗರನ್ನು ಭಗ್ನನೌಕೆಗೆ ಭದ್ರವಾಗಿ ಕಟ್ಟಿದ ಸುದ್ದಿಯನ್ನು ಮೇಲಿನವರಿಗೆ ತಿಳಿಸಲು ಈ ಗುಂಪಿನವರು ಬಳಸುವ ಸಾಧನ ಹಗುರವಾದ ಬಿಳಿಯ ಫೋಮ್ ಲೋಟ. ಕೆಳಗೆ ಬಿಟ್ಟ ಲೋಟ ಮೇಲೆ ತೇಲಿತೆಂದರೆ ಉಳಿದವರು ಇಳಿಯಬಹುದು.

ಆ ಕಡಲಿನ ತಳದಲ್ಲಿ ಬೇಸಿಗೆಯಲ್ಲೂ ಚಳಿಗಾಲದ ತಣ್ಣೀರು ಉಳಿದಿರುತ್ತದೆ. ಉಷ್ಣತೆ ೧೦ ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ. ನೀರು ಮೈಗೆ ತಾಗದ ಒಣ ಉಡುಪು ಇಲ್ಲದೆ ಅಲ್ಲಿ ನಿಲ್ಲುವಂತಿಲ್ಲ. ಆದರೆ ಚಳಿಗಿಂತ ದೊಡ್ಡ ಶತ್ರು ಉಸಿರೇ. ೭೦ ಮೀಟರ್ ಆಳದಲ್ಲಿ ಒತ್ತಡವು ನೆಲದ ಮೇಲಿನದರ ಎಂಟರಷ್ಟು; ಸಿಲಿಂಡರಿನ ಗಾಳಿಯೂ ಎಂಟುಪಟ್ಟು ಬೇಗ ಮುಗಿಯುತ್ತದೆ. ಒತ್ತಡದಲ್ಲಿ ಸಾರಜನಕವು ಮದ್ಯದಂತೆ ಮಂಕು ಕವಿಸುತ್ತದೆ. ಪ್ರತಿ ಐವತ್ತು ಅಡಿಗೆ ಒಂದು ಲೋಟ ಮಾರ್ಟಿನಿ ಕುಡಿದಂತೆ ಎಂಬ ಮಾತು ಮುಳುಗುಗಾರರಲ್ಲಿ ಗಾದೆಯೇ ಆಗಿದೆ. ಎಲ್ಲ ಗಾದೆಗಳಂತೆ ಇದಕ್ಕೂ ಪಾಠಾಂತರಗಳುಂಟು: ಅಡಿಯ ಲೆಕ್ಕ ಬದಲಾಗುತ್ತದೆ, ಮದ್ಯ ಮಾತ್ರ ಬದಲಾಗುವುದಿಲ್ಲ. ದೇಹದಲ್ಲಿ ಕರಗಿದ ಸಾರಜನಕ ಮೇಲೇರುವಾಗ ಗುಳ್ಳೆಯಾಗಿ ರಕ್ತವನ್ನು ತಡೆಯದಂತೆ, ಹಗ್ಗ ಹಿಡಿದು ಹಂತಹಂತವಾಗಿ ನಿಲ್ಲಬೇಕು. ತಳದಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ ಕಳೆದವರು ಮೇಲೆ ಬರಲು ಗಂಟೆಗೂ ಮಿಕ್ಕಿ ನಡುಗುತ್ತ ಕಾಯಬೇಕು. ಹೀಲಿಯಂ ಬೆರೆಸಿದ ಗಾಳಿ ಮಂಕನ್ನು ತಗ್ಗಿಸುತ್ತದೆಯಾದರೂ ೧೯೯೧ರಲ್ಲಿ ಅದು ಇವರಲ್ಲಿ ಇನ್ನೂ ರೂಢಿಗೆ ಬಂದಿರಲಿಲ್ಲ.

ಹಡಗಿನಿಂದ ವಸ್ತುವೊಂದನ್ನು ತರುವುದು ಈ ಗುಂಪಿನಲ್ಲಿ ಸ್ಥಾನಮಾನದ ಗುರುತು. ೧೯೫೬ರಲ್ಲಿ ಮುಳುಗಿದ ಇಟಲಿಯ 'ಆಂಡ್ರಿಯಾ ಡೋರಿಯಾ' ಹಡಗಿನ ಪಿಂಗಾಣಿ ತಟ್ಟೆ ಮನೆಯ ಗೋಡೆಯ ಮೇಲಿದ್ದರೆ ಬೇರೆ ಪರಿಚಯ ಬೇಕಿಲ್ಲ. ೧೯೮೫ರಲ್ಲಿ ಅದರ ಗಂಟೆಯನ್ನು ಮೇಲೆತ್ತಿದ ತಂಡದ ನಾಯಕ ಇದೇ ನೇಗಲ್. ಇದನ್ನು ಬರಿಯ ಲೂಟಿಯೆಂದು ತಳ್ಳಿಹಾಕುವುದು ಸುಲಭ, ಆ ಟೀಕೆಯಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಜಲಾಂತರ್ಗಾಮಿಯ ಪ್ರಸಂಗದಲ್ಲಿ ವಸ್ತುವಿನ ಹಂಬಲವೇ ಸಂಶೋಧನೆಯ ರೂಪ ತಳೆಯಿತು. ಮೊದಲು ಸಿಕ್ಕ ಬಟ್ಟಲುಗಳ ಮೇಲೆ ಹದ್ದು, ಸ್ವಸ್ತಿಕ, ೧೯೪೨ ಎಂಬ ಇಸವಿ ಇದ್ದವು. ದೇಶ ತಿಳಿಯಿತು, ಹೆಸರು ತಿಳಿಯಲಿಲ್ಲ. ಈ ಭಾಗದಲ್ಲಿ ಜರ್ಮನ್ ಜಲಾಂತರ್ಗಾಮಿ ಮುಳುಗಿದ ದಾಖಲೆ ಯಾವ ದೇಶದ ಕಡತದಲ್ಲೂ ಇರಲಿಲ್ಲ. ಮುಳುಗುಗಾರರು ಅದನ್ನು 'ಯು-ಹೂ' ಎಂದು ಕರೆದರು. 'ಯು' ಎಂಬುದು ಜರ್ಮನ್ ಜಲಾಂತರ್ಗಾಮಿಗಳ ಸಂಖ್ಯೆಯ ಮುಂದಿನ ಅಕ್ಷರ. 'ಹೂ' ಎಂದರೆ ಇಂಗ್ಲಿಷಿನಲ್ಲಿ 'ಯಾರು'. ೧೯೯೧ರ ನವೆಂಬರಿನಲ್ಲಿ ಚಾಟರ್ಟನ್ ಅವರಿಗೆ ಚಾಕುವೊಂದು ದೊರೆಯಿತು. ಅದರ ಮರದ ಹಿಡಿಯ ಮೇಲೆ ಕೈಯಿಂದ ಕೆತ್ತಿದ ಹೆಸರು: ಹೋರೆನ್‌ಬರ್ಗ್.

ಜರ್ಮನಿಯ ಪಟ್ಟಿಗಳ ಪ್ರಕಾರ ಮಾರ್ಟಿನ್ ಹೋರೆನ್‌ಬರ್ಗ್ ಯು-೮೬೯ರ ನಿಸ್ತಂತು ವಿಭಾಗದ ನಾವಿಕ. ಆದರೆ ಆ ನೌಕೆಯು ೧೯೪೫ರ ಫೆಬ್ರುವರಿ ೨೮ರಂದು ಆಫ್ರಿಕದ ರಬಾತ್ ಸಮೀಪ ನಾಶವಾಯಿತೆಂದು ಯುದ್ಧಾನಂತರದ ದಾಖಲೆ ಹೇಳುತ್ತಿತ್ತು. ಹೀಗಾಗಿ ಚಾಕುವಿನ ಸಾಕ್ಷ್ಯವನ್ನೇ ಅನುಮಾನಿಸಲಾಯಿತು. ಬೇರೆ ನೌಕೆಯವರು ಅದನ್ನು ಎರವಲು ಪಡೆದಿರಬಹುದು, ಕದ್ದಿರಬಹುದು ಎಂಬ ವಿವರಣೆಗಳು ಹುಟ್ಟಿದವು. ಮುದ್ರಿತ ಪಟ್ಟಿಗೂ ಕೈಕೆತ್ತನೆಗೂ ವಿರೋಧ ಬಂದಾಗ ವಿದ್ವತ್ತು ಪಟ್ಟಿಯ ಪರವಾಗಿ ವಾಲುವುದು ಇಲ್ಲಿಯೂ ಕಾಣುತ್ತದೆ. ಅಸಲಿಗೆ ನ್ಯೂಯಾರ್ಕ್ ಕಡೆಗೆ ಹೊರಟ ಯು-೮೬೯ಕ್ಕೆ ಜಿಬ್ರಾಲ್ಟರಿಗೆ ತಿರುಗುವಂತೆ ಆಜ್ಞೆ ರವಾನೆಯಾಗಿತ್ತು. ಆಜ್ಞೆ ನೌಕೆಗೆ ಮುಟ್ಟಲಿಲ್ಲವೆಂದು ಈಗ ಭಾವಿಸಲಾಗಿದೆ. ದಾಖಲೆ ಬರೆದವರು ಮುಟ್ಟಿತೆಂದು ನಂಬಿದರು. ನೌಕೆಯಲ್ಲಿದ್ದ ೫೬ ಜನರ ಕುಟುಂಬಗಳು ಐವತ್ತಕ್ಕೂ ಹೆಚ್ಚು ವರ್ಷ ತಮ್ಮವರನ್ನು ತಪ್ಪು ಕಡಲಿನಲ್ಲಿ ನೆನೆದವು.

ಈ ಹುಡುಕಾಟಕ್ಕೆ ಮೂರು ಜೀವಗಳು ತೆತ್ತವು. ೧೯೯೧ರ ಸೆಪ್ಟೆಂಬರಿನಲ್ಲಿಯೇ ಒಬ್ಬರು ತಳದಲ್ಲಿ ಪ್ರಜ್ಞೆ ತಪ್ಪಿ ತೇಲಿಹೋದರು. ಅವರ ದೇಹ ಅನಂತರ ಮೀನುಗಾರರ ಬಲೆಗೆ ಸಿಕ್ಕಿತು. ೧೯೯೨ರ ಅಕ್ಟೋಬರಿನಲ್ಲಿ ತಂದೆ-ಮಗ ಇಬ್ಬರು ಇಳಿದರು. ಆ ದಿನ ಬಳಸಿದ್ದು ಹೀಲಿಯಂ ಮಿಶ್ರಣವಲ್ಲ, ಸಾಮಾನ್ಯ ಗಾಳಿ. ನೌಕೆಯೊಳಗೆ ಕುಸಿದ ವಸ್ತುಗಳಡಿ ಮಗ ಸಿಕ್ಕಿಕೊಂಡ, ತಂದೆ ಬಿಡಿಸಿದರು. ಹೊರಬಂದವರಿಗೆ ಮೇಲೇರುವಾಗ ಬೇಕಾದ ಸಿಲಿಂಡರುಗಳಲ್ಲಿ ಕೆಲವು ಸಿಗಲಿಲ್ಲ. ಹಂತಗಳಲ್ಲಿ ನಿಲ್ಲದೆ ನೇರ ಮೇಲೆ ಬಂದ ಇಬ್ಬರೂ ಉಳಿಯಲಿಲ್ಲ. ಈ ಕಥನವನ್ನು ಮುಳುಗುಗಾರರು ಹೇಳಿಕೊಳ್ಳುವುದು ಶೋಕಕ್ಕಷ್ಟೇ ಅಲ್ಲ. ಯಾವ ಸಿಲಿಂಡರು ಎಲ್ಲಿತ್ತು, ಎಷ್ಟು ನಿಮಿಷ ಕಳೆಯಿತು ಎಂಬ ವಿವರಗಳಿಗೆ ಒತ್ತು ಬೀಳುವುದರಿಂದ ಅದು ಹೊಸಬರಿಗೆ ಪಾಠವೂ ಆಗುತ್ತದೆ.

ಗುಂಪಿನ ಕಟ್ಟುಪಾಡು ಅತ್ಯಂತ ಸ್ಪಷ್ಟವಾಗುವುದು ಮೂಳೆಗಳ ವಿಷಯದಲ್ಲಿ. ನೌಕೆಯೊಳಗೆ ನಾವಿಕರ ಅವಶೇಷಗಳು ಚೆಲ್ಲಿದ್ದವು. ಅವುಗಳ ನಡುವೆ ಕೈಯಾಡಿಸಿದ್ದರೆ ಹೆಸರಿರುವ ಗಡಿಯಾರವೋ ಬಿಲ್ಲೆಯೋ ಸಿಕ್ಕಬಹುದಿತ್ತು. ಚಾಟರ್ಟನ್ ಮತ್ತು ಅವರ ಜೊತೆಗಾರ ರಿಚಿ ಕೋಲರ್ ಅದನ್ನು ಮುಟ್ಟದಿರಲು ನಿರ್ಧರಿಸಿದರು. ತಟ್ಟೆ ತರಬಹುದು, ಸತ್ತವನ ಮೈಮೇಲಿನದನ್ನು ತರಬಾರದು. ಆ ಗೆರೆಯನ್ನು ದಾಟದ ಕಾರಣ ಮತ್ತೂ ಹಲವು ವರ್ಷ ಹೆಸರು ಖಚಿತವಾಗದೆ ಉಳಿಯಿತು.

ಉಳಿದದ್ದು ಹಿಂಭಾಗದ ವಿದ್ಯುತ್ ಮೋಟಾರು ಕೋಣೆ. ಅದರ ದಾರಿಯಲ್ಲಿ ಭಾರಿ ಲೋಹದ ಭಾಗವೊಂದು ಅಡ್ಡಬಿದ್ದಿತ್ತು. ಬೆನ್ನಿನ ಸಿಲಿಂಡರುಗಳೊಡನೆ ನುಸುಳಲು ಸಾಧ್ಯವಿರಲಿಲ್ಲ. ಚಾಟರ್ಟನ್ ಅವುಗಳನ್ನು ಕಳಚಿ, ಒಂದೇ ಸಿಲಿಂಡರು ಕೈಯಲ್ಲಿ ಹಿಡಿದು ಸಂದಿನಲ್ಲಿ ನುಗ್ಗಿದರು. ಕೋಲರ್ ಹೊರಗೆ ಕಾದರು. ಒಮ್ಮೆ ಒಳಗೆ ಸಿಕ್ಕಿಕೊಂಡು, ಉಸಿರು ಮುಗಿಯುವ ಹೊತ್ತಿಗೆ ಹೊರಬಿದ್ದದ್ದೂ ಉಂಟು. ೧೯೯೭ರ ಆಗಸ್ಟ್ ೩೧ರಂದು ಮೇಲೆ ಬಂದ ಬಿಡಿಭಾಗಗಳ ಪೆಟ್ಟಿಗೆಯ ಬಿಲ್ಲೆಯನ್ನು ಉಜ್ಜಿದಾಗ ಯು-೮೬೯ ಎಂಬ ಬರಹ ಕಂಡಿತು. ಚಾಕು ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು.

ಕಡತಗಳು ತಿದ್ದುಪಡಿಯಾದವು. ಆದರೆ ನೌಕೆ ಮುಳುಗಿದ್ದು ಹೇಗೆಂಬ ಬಗ್ಗೆ ಎರಡು ಕಥನಗಳಿವೆ. ನೌಕೆ ಹಾರಿಸಿದ ಟಾರ್ಪೆಡೊ ಸುತ್ತಿ ಬಂದು ನೌಕೆಗೇ ಬಡಿಯಿತೆಂಬುದು ಚಾಟರ್ಟನ್, ಕೋಲರ್ ಅವರ ಮತ. ೨೦೦೪ರಲ್ಲಿ ರಾಬರ್ಟ್ ಕರ್ಸನ್ ಬರೆದ 'ಶ್ಯಾಡೋ ಡೈವರ್ಸ್' ಇದನ್ನು ಜನಪ್ರಿಯಗೊಳಿಸಿತು. ೧೯೪೫ರ ಫೆಬ್ರುವರಿ ೧೧ರಂದು ಅಮೆರಿಕದ 'ಹೊವರ್ಡ್ ಡಿ. ಕ್ರೋ' ಹಾಗೂ 'ಕೊಯ್ನರ್' ನೌಕೆಗಳು ನಡೆಸಿದ ದಾಳಿಯೇ ಕಾರಣವೆಂಬುದು ಅನಂತರದ ಅಧಿಕೃತ ಪರಿಶೀಲನೆಯ ನಿಲುವು. ಆ ದಾಳಿಯನ್ನು ನಡೆದ ಕಾಲದಲ್ಲಿ ಯಶಸ್ವಿಯೆಂದು ಎಣಿಸಿರಲಿಲ್ಲ. ಇನ್ನೊಬ್ಬ ಹಿರಿಯ ಮುಳುಗುಗಾರ ಗ್ಯಾರಿ ಜೆಂಟೈಲ್ ೨೦೦೬ರಲ್ಲಿ ಪುಸ್ತಕವನ್ನೇ ಬರೆದು ಟಾರ್ಪೆಡೊ ಕಥೆಯನ್ನು ಅಲ್ಲಗಳೆದರು. ಎರಡೂ ಪಕ್ಷದವರು ಮುಂದಿಡುವ ಸಾಕ್ಷ್ಯ ನೌಕೆಯ ಒಡಲಿನಲ್ಲಿರುವ ಒಡಕುಗಳೇ.