ಕಂಪ್ಯೂಟರಿನ ತೊಂದರೆಗೆ ದೂರದಿಂದ ಸಹಾಯ

ಗದಗಿಗೆ ಸಮೀಪದ ಕಣಗಿನಹಾಳ ಗ್ರಾಮದಲ್ಲಿ 1905ನೆಯ ಇಸವಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾದಾಗ, ಸಂಘಗಳ ಲೆಕ್ಕವೆಲ್ಲವೂ ಕೈಬರಹದ ಖಾತೆಪುಸ್ತಕಗಳಲ್ಲಿರುತ್ತಿದ್ದಿತು. ಈಗ ಆ ಸ್ಥಿತಿಯು ಬದಲಾಗಿರುವುದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಲ್ಲಿ ಕಂಪ್ಯೂಟರುಗಳನ್ನು ಬಳಕೆಗೆ ತರುವ ಸಲುವಾಗಿ ಭಾರತ ಸರ್ಕಾರವು 2022ನೆಯ ಜೂನ್ ತಿಂಗಳಿನಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಯೊಂದಕ್ಕೆ ಮಂಜೂರಾತಿಯನ್ನಿತ್ತು, 63,000 ಸಂಘಗಳನ್ನು ಅದರಲ್ಲಿ ಸೇರಿಸಿಕೊಳ್ಳಲು ಉದ್ದೇಶಿಸಿತು.

ಖಾತೆಪುಸ್ತಕದ ಹಾಳೆಯು ಹರಿದರೆ ಕಾರ್ಯದರ್ಶಿಯು ಅದನ್ನು ತಾನೇ ಅಂಟಿಸಿಕೊಳ್ಳಬಹುದು. ಆದರೆ ಬಿತ್ತನೆಯ ಕಾಲದಲ್ಲಿ ಸದಸ್ಯರು ಸಾಲದ ಕಾಗದಗಳಿಗಾಗಿ ಬಾಗಿಲಲ್ಲಿ ಕಾದು ನಿಂತಿರುವಾಗ ಕಂಪ್ಯೂಟರು ಕೆಲಸಮಾಡದೆ ಹೋದರೆ, ತಿಳಿದವರನ್ನು ಪಟ್ಟಣದಿಂದ ಕರೆಸುವುದರೊಳಗಾಗಿ ಹದವು ಮೀರಿಹೋಗುವುದುಂಟು. ಇಂತಹ ಸಮಯದಲ್ಲಿ, ಇಂಟರ್ನೆಟ್ಟು ಇರುವ ಕಡೆಗಳಲ್ಲಿ, ಬಲ್ಲವರು ತಾವಿದ್ದ ಸ್ಥಳದಿಂದಲೇ ಸಂಘದ ಕಂಪ್ಯೂಟರಿನ ಪರದೆಯನ್ನು ನೋಡಿ ಸಹಾಯಮಾಡುವ ಕ್ರಮವು ಬಹಳ ಉಪಯುಕ್ತವಾದುದು.

ಈ ಕ್ರಮವು ಹೊಸದೇನೂ ಅಲ್ಲ. 1968ನೆಯ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿಯು, ಸುಮಾರು ಮೂವತ್ತು ಮೈಲಿ ದೂರದ ಮೆನ್ಲೊ ಪಾರ್ಕಿನಲ್ಲಿದ್ದ ಸಹೋದ್ಯೋಗಿಯೊಡನೆ ಒಂದೇ ಬರಹವನ್ನು ಪರದೆಯ ಮೇಲೆ ನೋಡುತ್ತ ಕೂಡಿ ಕೆಲಸಮಾಡುವ ಬಗೆಯನ್ನು ಸಭಿಕರಿಗೆ ತೋರಿಸಿದನು.

ಈ ಸಹಾಯದಲ್ಲಿ ಎರಡು ವಿಧಗಳುಂಟು. ಮೊದಲನೆಯದರಲ್ಲಿ ಸಹಾಯಕನು ಪರದೆಯನ್ನು ನೋಡಬಲ್ಲನೇ ಹೊರತು ಮುಟ್ಟಲಾರನು. ಗೂಗಲ್ ಮೀಟ್ ಮೊದಲಾದವುಗಳಲ್ಲಿ ಪರದೆಯನ್ನು ತೋರಿಸುವುದು ಈ ಬಗೆಯದು. ರೋಗ ತಗಲಿದ ಎಲೆಯನ್ನು ಬಲ್ಲವರಿಗೆ ತೋರಿಸಿ, ಅವರು ಹೇಳಿದಂತೆ ಔಷಧವನ್ನು ತಾನೇ ಸಿಂಪಡಿಸಿಕೊಂಡಂತೆ ಇದು. ಎರಡನೆಯದರಲ್ಲಿ ಸಹಾಯಕನ ಕೀಲಿಮಣೆ ಮತ್ತು ಮೌಸುಗಳ ಚಲನೆಯು ಇಂಟರ್ನೆಟ್ಟಿನ ಮೂಲಕ ಬಂದು ಇಲ್ಲಿಯ ಕಂಪ್ಯೂಟರನ್ನು ನಡೆಸುವುದು. ಕ್ವಿಕ್ ಅಸಿಸ್ಟ್, ಟೀಮ್‌ವ್ಯೂವರ್, ಎನಿಡೆಸ್ಕ್ ಎಂಬುವು ಈ ವರ್ಗಕ್ಕೆ ಸೇರಿದುವು. ಇದು ನೇಗಿಲನ್ನೇ ಮತ್ತೊಬ್ಬನ ಕೈಗೆ ಕೊಟ್ಟಂತೆ. ಆದುದರಿಂದ ಮೊದಲನೆಯ ವಿಧದಿಂದಲೇ ಕೆಲಸವು ಆಗುವಂತಿದ್ದರೆ ಎರಡನೆಯದಕ್ಕೆ ಹೋಗಬೇಕಾದುದಿಲ್ಲ.

ವಿಂಡೋಸ್ 10 ಮತ್ತು 11 ಇರುವ ಕಂಪ್ಯೂಟರುಗಳಲ್ಲಿ ಕ್ವಿಕ್ ಅಸಿಸ್ಟನ್ನು ಉಪಯೋಗಿಸಬಹುದು. ಸಹಾಯಕನು ಒಂದು ಸಂಕೇತವನ್ನು ಪಡೆದು ದೂರವಾಣಿಯಲ್ಲಿ ತಿಳಿಸುವನು. ಕಂಪ್ಯೂಟರಿನ ಯಜಮಾನನು ಅದನ್ನು ನಮೂದಿಸಿ ಒಪ್ಪಿಗೆಯನ್ನಿತ್ತ ಮೇಲೆ ಪರದೆಯು ಆತನಿಗೆ ಕಾಣಿಸುವುದು. ಕಂಪ್ಯೂಟರನ್ನು ನಡೆಸುವುದಕ್ಕೆ ಆತನು ಮತ್ತೆ ಬೇರೆಯಾಗಿ ಒಪ್ಪಿಗೆ ಕೇಳಬೇಕು. ಸಂಪರ್ಕವನ್ನು ಯಾವಾಗ ಬೇಕಾದರೂ ಕಡಿದುಹಾಕುವ ಅಧಿಕಾರವು ಯಜಮಾನನಿಗೇ ಇರುವುದು.

ಇಷ್ಟು ಪ್ರಯೋಜನಕರವಾದ ಸಾಧನವು ವಂಚಕರ ಕೈಗೆ ಸಿಕ್ಕಿದರೆ ಅಷ್ಟೇ ಹಾನಿಕರವಾಗುವುದು. 2019ನೆಯ ಫೆಬ್ರವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಈ ವಿಷಯದಲ್ಲಿ ಬ್ಯಾಂಕುಗಳಿಗೆ ಎಚ್ಚರಿಕೆಯನ್ನು ಕೊಟ್ಟಿತು. ವಂಚಕನು ತಾನು ಬ್ಯಾಂಕಿನವನೆಂದೋ, ವರ್ಷಕ್ಕೆ ಮೂರು ಕಂತುಗಳಲ್ಲಿ ಬರುವ ಪಿಎಂ ಕಿಸಾನ್ ಯೋಜನೆಯ 6,000 ರೂಪಾಯಿಗಳು ತಡೆಹಿಡಿಯಲ್ಪಟ್ಟಿವೆಯೆಂದೋ ಹೇಳಿ, ಮೊಬೈಲಿನಲ್ಲಿ ಇಂತಹ ಸಾಧನವನ್ನು ಹಾಕಿಸಿ, ಅದರಲ್ಲಿ ಕಾಣುವ ಅಂಕಿಗಳನ್ನು ಕೇಳಿ ಪಡೆಯುವನು. ಓಟಿಪಿಯನ್ನು ಯಾರಿಗೂ ಹೇಳಕೂಡದೆಂಬುದನ್ನು ರೈತರಲ್ಲಿ ಅನೇಕರು ಈಗ ತಿಳಿದಿರುವರು. ಆದರೆ ಇಲ್ಲಿ ಬಾಯಿಬಿಟ್ಟು ಹೇಳಬೇಕಾದುದೇ ಇಲ್ಲ. ಪರದೆಯ ಮೇಲೆ ಬಂದುದನ್ನು ವಂಚಕನು ತಾನಿದ್ದಲ್ಲಿಂದಲೇ ಓದಿಕೊಳ್ಳುವನು. ವರ್ಷವೆಲ್ಲ ದುಡಿದು ಉಳಿಸಿದ ಹಣವು ಹೀಗೆ ಕಣ್ಣೆದುರಿಗೇ ಹೋಗಬಹುದು.

ಆದುದರಿಂದ ಈ ಕೆಳಗಿನ ಸೂಚನೆಗಳನ್ನು ಗಮನದಲ್ಲಿಡತಕ್ಕದ್ದು. ಸಹಾಯವನ್ನು ಗೊತ್ತಿದ್ದವರಿಂದ, ತಾನಾಗಿ ಕರೆಮಾಡಿಯೇ ಕೇಳಬೇಕು. ತಾವಾಗಿ ಕರೆಮಾಡಿ ಸಹಾಯಮಾಡುವೆವೆನ್ನುವ ಅಪರಿಚಿತರಿಗೆ ಪರದೆಯನ್ನು ತೋರಿಸಕೂಡದು. ಸಂಪರ್ಕಕ್ಕೆ ಮುಂಚೆ ಬ್ಯಾಂಕಿನ ಪುಟಗಳನ್ನೂ ಸದಸ್ಯರ ಆಧಾರ್ ಮೊದಲಾದ ಕಾಗದಗಳನ್ನೂ ಪರದೆಯಿಂದ ಮುಚ್ಚಿಡಬೇಕು. ಹಣದ ವ್ಯವಹಾರವಿರುವ ಮೊಬೈಲಿನ ಪರದೆಯನ್ನು ತೋರಿಸದಿರುವುದೇ ಲೇಸು. ಕೆಲಸವು ಮುಗಿಯುವವರೆಗೆ ಎದ್ದುಹೋಗದೆ ನೋಡುತ್ತಿದ್ದು, ಮುಗಿದೊಡನೆ ಸಂಪರ್ಕವನ್ನು ಕಡಿಯಬೇಕು. ಹೊಸದಾಗಿ ಹಾಕಿಸಿದ ಸಾಧನವು ಮುಂದೆ ಬೇಡವಾಗಿದ್ದರೆ ಅದನ್ನು ತೆಗೆದುಹಾಕತಕ್ಕದ್ದು.

ಒಂದು ವೇಳೆ ಮೋಸವಾದುದು ತಿಳಿದುಬಂದರೆ ಇಂಟರ್ನೆಟ್ಟನ್ನು ಕೂಡಲೆ ನಿಲ್ಲಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೂ, 1930 ಎಂಬ ಸಂಖ್ಯೆಗೂ ತಿಳಿಸಬೇಕು. ಹಣವು ಖಾತೆಯಿಂದ ಖಾತೆಗೆ ಬೇಗ ಸಾಗಿಹೋಗುವುದರಿಂದ, ನಾಚಿಕೆಯಿಂದಲಾಗಲಿ ಹೆದರಿಕೆಯಿಂದಲಾಗಲಿ ತಡಮಾಡಕೂಡದು.

ಹಿಂದೆ ಹಗೇವಿನ ಬಾಯಿ ತೆಗೆಸುವಾಗ ಕೆಲಸಕ್ಕೆ ನೆರೆಯವರನ್ನು ಕರೆಯುತ್ತಿದ್ದರೂ ಮನೆಯ ಯಜಮಾನನು ಪಕ್ಕದಲ್ಲಿಯೇ ನಿಂತು, ಧಾನ್ಯವನ್ನು ಅಳೆಸಿ, ತಾನೇ ಮುಂದೆ ನಿಂತು ಬಾಯಿ ಮುಚ್ಚಿಸುತ್ತಿದ್ದನು. ಕಂಪ್ಯೂಟರಿನ ವಿಷಯದಲ್ಲಿಯೂ ಅದೇ ಕ್ರಮವನ್ನು ಅನುಸರಿಸಿದರೆ ದೂರದವರ ಸಹಾಯದಿಂದ ಕೆಲಸವೂ ನಡೆಯುವುದು, ಗಳಿಸಿದುದೂ ಉಳಿಯುವುದು.