ಗಣಕಯಂತ್ರದಲ್ಲಿ ಶಾಖೋತ್ಪತ್ತಿ

೧

ವಿದ್ಯುತ್ತಿನಿಂದ ನಡೆಯುವ ಯಂತ್ರಗಳೆಲ್ಲವೂ ಬಿಸಿಯಾಗುವುವೆಂಬುದು ಸರ್ವವಿದಿತವಾದ ಸಂಗತಿ. ಪಂಪು ನೀರನ್ನೆತ್ತುತ್ತದೆ, ಗಿರಣಿ ಹಿಟ್ಟು ಬೀಸುತ್ತದೆ. ಅವುಗಳಲ್ಲಿ ಕಾಣುವ ಬಿಸಿಯು ಉದ್ದೇಶಿತವಾದ ಕೆಲಸದ ಜೊತೆಯಲ್ಲಿ ಆಗುವ ನಷ್ಟವೇ ಹೊರತು ಕೆಲಸದ ಸಾರವಲ್ಲ. ಗಣಕಯಂತ್ರದ ವಿಷಯ ಹಾಗಲ್ಲ. ಅದು ಭಾರವನ್ನು ಎತ್ತುವುದಿಲ್ಲ, ಧಾನ್ಯವನ್ನು ಬೀಸುವುದಿಲ್ಲ. ಅಂಕೆಗಳನ್ನೂ ಅಕ್ಷರಗಳನ್ನೂ ಒಂದು ಕ್ರಮದಿಂದ ಇನ್ನೊಂದು ಕ್ರಮಕ್ಕೆ ತರುವುದಷ್ಟೇ ಅದರ ಕಾರ್ಯ. ಅಂಕೆಗೆ ತೂಕವಿಲ್ಲ. ಆದಕಾರಣ ಗಣಕದ ಹೃದಯಸ್ಥಾನದಲ್ಲಿರುವ ಸಂಸ್ಕಾರಕಕ್ಕೆ, ಎಂದರೆ ರೂಢಿಯಲ್ಲಿ ಪ್ರೊಸೆಸರ್ ಎನಿಸಿಕೊಳ್ಳುವ ಸಿಲಿಕಾನಿನ ಬಿಲ್ಲೆಗೆ, ಊಡಿದ ವಿದ್ಯುಚ್ಛಕ್ತಿಯು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬೀಳುತ್ತದೆ. ೧೦೦ ವಾಟ್ ಹೀರುವ ಪ್ರೊಸೆಸರು ಶಾಖದ ಲೆಕ್ಕದಲ್ಲಿ ೧೦೦ ವಾಟಿನ ವಿದ್ಯುತ್ ಒಲೆಗೆ ಸಮಾನವಾದುದು.

ಹೀಗಿರುವುದರಿಂದ ಶಾಖವನ್ನು ಗಣಕಶಾಸ್ತ್ರದ ಅಂಚಿನಲ್ಲಿರುವ ಒಂದು ಸಣ್ಣ ಅಡಚಣೆಯೆಂದು ಭಾವಿಸುವುದು ಸರಿಯಲ್ಲ. ಗಣಕಗಳ ವೇಗಕ್ಕೆ ಎಲ್ಲೆಯನ್ನು ಕಟ್ಟಿದುದು ಶಾಖವೇ. ಮತ್ತು ಆ ಎಲ್ಲೆಯು ಎಲ್ಲ ಊರುಗಳಲ್ಲಿಯೂ ಒಂದೇ ಕಡೆ ನಿಲ್ಲುವುದಿಲ್ಲ. ಈ ಎರಡು ಮಾತುಗಳ ನಿರೂಪಣೆಯೇ ಪ್ರಕೃತ ಲೇಖನದ ಉದ್ದೇಶ.

೨

ವಿಷಯಪ್ರವೇಶಕ್ಕೆ ಮೊದಲು ಎರಡು ಶಬ್ದಗಳ ಅರ್ಥವನ್ನು ನಿಷ್ಕರ್ಷಿಸಿಕೊಳ್ಳುವುದು ಅವಶ್ಯಕ. ಬಿಸಿ, ಕಾವು, ಸೆಕೆ, ಧಗೆ, ಝಳ ಎಂದು ಕನ್ನಡದಲ್ಲಿ ಪದಗಳಿಗೆ ಬಡತನವಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಅನುಭವವನ್ನು ಹೇಳುವುವೇ ಹೊರತು ಪ್ರಮಾಣವನ್ನು ಹೇಳುವುದಿಲ್ಲ. ಶಾಸ್ತ್ರದಲ್ಲಿ ‘ಶಾಖ’ವೆಂಬುದು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುವ ಶಕ್ತಿ, ‘ಉಷ್ಣತೆ’ಯೆಂಬುದು ಆ ಹರಿವಿನ ದಿಕ್ಕನ್ನು ನಿರ್ಣಯಿಸುವ ಮಟ್ಟ. ಒಲೆಯಿಂದ ಸಿಡಿದ ಕಿಡಿಯ ಉಷ್ಣತೆಯು ಹಂಡೆಯ ಬಿಸಿನೀರಿನ ಉಷ್ಣತೆಗಿಂತ ಎಷ್ಟೋ ಹೆಚ್ಚು. ಆದರೆ ಸ್ನಾನಕ್ಕೆ ಒದಗುವ ಶಾಖವಿರುವುದು ಹಂಡೆಯಲ್ಲಿ. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಶಾಖವು ಹೆಚ್ಚಿನ ಉಷ್ಣತೆಯ ಕಡೆಯಿಂದ ಕಡಮೆಯ ಕಡೆಗೆ ತಾನಾಗಿ ಹರಿಯುತ್ತದೆ.

ಇಷ್ಟೇ ಮುಖ್ಯವಾದುದು ಸಾಂದ್ರತೆಯ ವಿಚಾರ. ಎಂದರೆ ಎಷ್ಟು ಶಾಖವು ಎಷ್ಟು ಜಾಗದಿಂದ ಹೊರಡುತ್ತದೆಂಬುದು. ಕೊಪ್ಪಳ ತಾಲ್ಲೂಕಿನ ಹೋಬಳಿಯ ಊರಾದ ಇರಕಲ್ಲಗಡದಲ್ಲಿ ಮೇ ತಿಂಗಳ ನಡುಹಗಲನ್ನು ಕಂಡವರಿಗೆ ಬಿಸಿಲೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ನಿರಭ್ರವಾದ ಆಕಾಶದಿಂದ ಆ ಬಿಸಿಲು ನೆಲದ ಒಂದು ಚದರ ಮೀಟರಿಗೆ ತಂದು ಸುರಿಯುವ ಶಕ್ತಿ ಸುಮಾರು ೧,೦೦೦ ವಾಟ್. ಎಂದರೆ ಒಂದು ಚದರ ಸೆಂಟಿಮೀಟರಿಗೆ ಒಂದು ವಾಟಿನ ಹತ್ತನೆಯ ಒಂದು ಪಾಲು. ೨೦೦೪ರಲ್ಲಿ ಮಾರಾಟಕ್ಕೆ ಬಂದ ಪೆಂಟಿಯಂ ೪ ಜಾತಿಯ ಒಂದು ಪ್ರೊಸೆಸರಿನ ಬಿಲ್ಲೆಯ ವಿಸ್ತಾರ ಸುಮಾರು ೧.೧ ಚದರ ಸೆಂಟಿಮೀಟರು. ಅದರಿಂದ ಹೊರಡುತ್ತಿದ್ದ ಶಾಖವು ೧೦೦ ವಾಟಿಗೂ ಮೀರುತ್ತಿತ್ತು. ನೆಲದ ಮೇಲೆ ಬೀಳುವ ಬಿಸಿಲಿನ ಸುಮಾರು ಸಾವಿರ ಪಟ್ಟು ಶಾಖವು ಉಗುರಿನಗಲದ ಬಿಲ್ಲೆಯಿಂದ ಎಡೆಬಿಡದೆ ಹೊರಟುಹೋಗಬೇಕು. ಹೋಗದಿದ್ದರೆ ಬಿಲ್ಲೆ ಕೆಡುವುದು.

೩

ಈ ಶಾಖವು ಹುಟ್ಟುವ ಬಗೆಗಳು ಮುಖ್ಯವಾಗಿ ಮೂರು.

ಮೊದಲನೆಯದು ತಂತಿಯ ರೋಧದಿಂದ ಆಗತಕ್ಕದ್ದು. ಪ್ರವಾಹವನ್ನು ಇಮ್ಮಡಿಗೊಳಿಸಿದರೆ ತಂತಿಯಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುವುದೆಂಬ ನಿಯಮವನ್ನು ೧೮೪೦ರ ಸುಮಾರಿನಲ್ಲಿ ಜೇಮ್ಸ್ ಪ್ರೆಸ್ಕಾಟ್ ಜೂಲನು ಪ್ರಯೋಗದಿಂದ ಕಂಡುಕೊಂಡನು. ಈ ನಿಯಮಕ್ಕೆ ಕನ್ನಡನಾಡಿನಲ್ಲಿಯೇ ಪ್ರಸಿದ್ಧವಾದ ನಿದರ್ಶನವುಂಟು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದಾಗ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿಯೇ ಕಳುಹಿಸಬೇಕಾಯಿತು. ವೋಲ್ಟೇಜು ಇಮ್ಮಡಿಯಾದರೆ ಅಷ್ಟೇ ಸಾಮರ್ಥ್ಯವನ್ನು ಅರ್ಧ ಪ್ರವಾಹದಿಂದ ಸಾಗಿಸಬಹುದು. ಆಗ ದಾರಿಯಲ್ಲಿ ಶಾಖವಾಗಿ ಹೋಗುವ ನಷ್ಟವು ಕಾಲುಭಾಗಕ್ಕೆ ಇಳಿಯುವುದು.

ಎರಡನೆಯ ಬಗೆಯು ಗಣಕಕ್ಕೆ ವಿಶಿಷ್ಟವಾದುದು. ಪ್ರೊಸೆಸರಿನಲ್ಲಿ ಒಂದು ಮತ್ತು ಸೊನ್ನೆಗಳೆಂಬ ಸಂಕೇತಗಳು ಅತಿಸೂಕ್ಷ್ಮವಾದ ವಿದ್ಯುತ್ಪಾತ್ರೆಗಳು ತುಂಬಿರುವುದರಿಂದಲೂ ಬರಿದಾಗಿರುವುದರಿಂದಲೂ ಸೂಚಿತವಾಗುವುವು. ಟ್ರಾನ್ಸಿಸ್ಟರೆಂಬ ಬಾಗಿಲು ತೆರೆದು ಪಾತ್ರೆಯನ್ನು ತುಂಬುವಾಗ ವ್ಯಯವಾದ ಶಕ್ತಿಯಲ್ಲಿ ಅರ್ಧವು ಆಗಲೇ ಶಾಖವಾಗುವುದು. ಉಳಿದರ್ಧವು ಪಾತ್ರೆಯನ್ನು ಬರಿದು ಮಾಡುವಾಗ ಶಾಖವಾಗುವುದು. ಏತದಿಂದ ನೀರನ್ನು ಮೇಲೆತ್ತಿ, ಬೆಳೆಗೆ ಹಾಯಿಸದೆ ಮತ್ತೆ ಬಾವಿಗೇ ಸುರಿದಂತೆ ಇದು. ಪ್ರತಿಯೊಂದು ಆವರ್ತದಲ್ಲಿಯೂ ನಷ್ಟವಾಗುವ ಶಕ್ತಿಯು ಪಾತ್ರೆಯ ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದಷ್ಟು; ಸೆಕೆಂಡಿಗೆ ಎಷ್ಟು ಆವರ್ತಗಳೋ ಅಷ್ಟು ಪಟ್ಟು ಶಾಖ. ಇಲ್ಲಿ ಗಮನಿಸತಕ್ಕ ವೈಪರೀತ್ಯವೊಂದುಂಟು. ಕೋಲಾರದ ದೀರ್ಘವಾದ ತಂತಿಯಲ್ಲಿ ವೋಲ್ಟೇಜನ್ನು ಏರಿಸಿದರೆ ಶಾಖವು ಕಡಮೆಯಾಗುವುದು. ಪ್ರೊಸೆಸರಿನ ಬಿಲ್ಲೆಯಲ್ಲಿ ಏರಿಸಿದರೆ ಶಾಖವು ಹೆಚ್ಚುವುದು. ಮೊದಲನೆಯದರಲ್ಲಿ ವಿದ್ಯುತ್ತು ದಾರಿಯಲ್ಲಿ ಸಾಗತಕ್ಕ ಸರಕು. ಎರಡನೆಯದರಲ್ಲಿ ಸಂಕೇತವನ್ನು ಬರೆಯುವ ಮಸಿ. ಮಸಿಯನ್ನು ಎಷ್ಟು ತೆಳುವಾಗಿಸಿದರೆ ಅಷ್ಟು ಉಳಿತಾಯ.

ಮೂರನೆಯದು ಸೋರಿಕೆ. ಟ್ರಾನ್ಸಿಸ್ಟರಿನ ಬಾಗಿಲು ಮುಚ್ಚಿರುವಾಗಲೂ ಸ್ವಲ್ಪ ಪ್ರವಾಹವು ನುಸುಳಿ ಹೋಗುತ್ತಿರುವುದು. ಬಿಲ್ಲೆಯ ಉಷ್ಣತೆ ಏರಿದಂತೆಲ್ಲ ಈ ಸೋರಿಕೆಯೂ ಏರುವುದು. ಸೋರಿಕೆಯಿಂದ ಶಾಖ, ಶಾಖದಿಂದ ಮತ್ತಷ್ಟು ಸೋರಿಕೆ. ಬಿಸಿಯೂರಿನ ಗಣಕವು ತಣ್ಣನೆಯ ಊರಿನ ಗಣಕಕ್ಕಿಂತ ಅದೇ ಕೆಲಸಕ್ಕೆ ತುಸು ಹೆಚ್ಚು ವಿದ್ಯುತ್ತನ್ನು ಬೇಡುವುದಕ್ಕೆ ಇದೊಂದು ಕಾರಣ.

೪

೧೯೪೬ರಲ್ಲಿ ಅಮೆರಿಕದಲ್ಲಿ ಪ್ರದರ್ಶಿತವಾದ ಎನಿಯಾಕ್ ಎಂಬ ಗಣಕದಲ್ಲಿ ಸುಮಾರು ೧೮,೦೦೦ ನಿರ್ವಾತ ನಳಿಕೆಗಳಿದ್ದು, ಅದು ಸುಮಾರು ೧೫೦ ಕಿಲೋವಾಟ್ ಸಾಮರ್ಥ್ಯವನ್ನು ಹೀರುತ್ತಿದ್ದಿತು. ೧೯೪೭ರಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ, ಕಾದ ತಂತಿಯ ಅವಶ್ಯಕತೆಯೇ ತಪ್ಪಿ, ಶಾಖದ ಪ್ರಶ್ನೆ ಮುಗಿಯಿತೆಂಬಂತೆ ತೋರಿತು. ೧೯೭೧ರ ಇಂಟೆಲ್ ೪೦೦೪ ಎಂಬ ಪ್ರೊಸೆಸರಿನಲ್ಲಿ ಸುಮಾರು ೨,೩೦೦ ಟ್ರಾನ್ಸಿಸ್ಟರುಗಳಿದ್ದರೂ ಅದಕ್ಕೆ ಬೀಸಣಿಗೆಯ ಅಗತ್ಯವಿರಲಿಲ್ಲ.

೧೯೭೪ರಲ್ಲಿ ರಾಬರ್ಟ್ ಡೆನ್ನಾರ್ಡನೂ ಅವನ ಸಹೋದ್ಯೋಗಿಗಳೂ ಒಂದು ಮಹತ್ತ್ವದ ಸೂತ್ರವನ್ನು ಮುಂದಿಟ್ಟರು. ಟ್ರಾನ್ಸಿಸ್ಟರಿನ ಉದ್ದಗಲಗಳನ್ನು ಯಾವ ಪ್ರಮಾಣದಲ್ಲಿ ಕಿರಿದುಮಾಡುತ್ತೇವೆಯೋ ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಇಳಿಸುತ್ತ ಹೋದರೆ, ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳು ಹೆಚ್ಚು ವೇಗದಿಂದ ಕೆಲಸ ಮಾಡಿದರೂ ಒಟ್ಟು ಶಾಖವು ಹೆಚ್ಚುವುದಿಲ್ಲವೆಂಬುದೇ ಆ ಸೂತ್ರದ ತಾತ್ಪರ್ಯ. ಸುಮಾರು ಮೂರು ದಶಕಗಳ ಕಾಲ ಗಣಕಗಳು ವರ್ಷವರ್ಷಕ್ಕೂ ವೇಗವಾದುದು ಈ ಸೂತ್ರದ ಬಲದಿಂದ.

ಆದರೆ ವೋಲ್ಟೇಜನ್ನು ಮಿತಿಮೀರಿ ಇಳಿಸುವಂತಿಲ್ಲ. ಬಾಗಿಲು ಸುಲಭವಾಗಿ ತೆರೆಯಬೇಕಾದರೆ ಅಗುಳಿಯನ್ನು ಸಡಿಲಿಸಬೇಕು. ಸಡಿಲಿಸಿದರೆ ಮುಚ್ಚಿದಾಗ ಸೋರುವುದು. ಟ್ರಾನ್ಸಿಸ್ಟರು ತೆರೆಯುವ ವೋಲ್ಟೇಜಿನ ಮಟ್ಟವನ್ನು ಕೇವಲ ೬೦ ಮಿಲಿವೋಲ್ಟಿನಷ್ಟು ತಗ್ಗಿಸಿದರೂ, ಸಾಮಾನ್ಯ ಉಷ್ಣತೆಯಲ್ಲಿ, ಆದರ್ಶವಾದ ಟ್ರಾನ್ಸಿಸ್ಟರಿನ ಸೋರಿಕೆ ಹತ್ತುಮಡಿಯಾಗುವುದು. ಇದು ಸಿಲಿಕಾನಿನ ದೋಷವಲ್ಲ. ಎಲೆಕ್ಟ್ರಾನುಗಳ ಉಷ್ಣಚಲನೆಯ ಫಲ. ಇದರ ಜೊತೆಗೆ, ೨೦೦೪ರ ವೇಳೆಗೆ ಟ್ರಾನ್ಸಿಸ್ಟರಿನ ನಿರೋಧಕ ಪದರವು ೧.೨ ನ್ಯಾನೋಮೀಟರಿಗೆ, ಎಂದರೆ ಪರಮಾಣುಗಳ ನಾಲ್ಕೈದು ಪದರಗಳಿಗೆ, ಇಳಿದು ಅದರ ಮೂಲಕವೂ ಪ್ರವಾಹವು ಸೋರತೊಡಗಿತು. ಆ ವರ್ಷವೇ ಇಂಟೆಲ್ ಸಂಸ್ಥೆಯು ಸೆಕೆಂಡಿಗೆ ೪೦೦ ಕೋಟಿ ಸ್ಪಂದನಗಳ ಪೆಂಟಿಯಂ ೪ರ ಯೋಜನೆಯನ್ನು ಕೈಬಿಟ್ಟಿತು. ೨೦೦೫ರಿಂದೀಚೆಗೆ ಒಂದು ಬಿಲ್ಲೆಯ ಮೇಲೆ ಎರಡು, ನಾಲ್ಕು, ಎಂಟು ಸಂಸ್ಕಾರಕಗಳನ್ನು ಜೊತೆಗೂಡಿಸುವ ಪದ್ಧತಿಯು ಬಲವಾದುದಕ್ಕೆ ಕಾರಣವೇ ಇದು: ಒಂದೇ ಎತ್ತನ್ನು ಓಡಿಸಿ ದಣಿಸುವುದರ ಬದಲು ಹಲವು ಎತ್ತುಗಳನ್ನು ನಡಿಗೆಯಲ್ಲಿ ಹೂಡುವುದು.

೫

ಹುಟ್ಟಿದ ಶಾಖವನ್ನು ಹೊರಗೆ ಸಾಗಿಸುವ ದಾರಿಯನ್ನು ಈಗ ನೋಡಬಹುದು. ಬಿಲ್ಲೆಯಿಂದ ಶಾಖವು ತಾಮ್ರದ ಹಲಗೆಗೂ, ಅಲ್ಲಿಂದ ತೆಳುವಾದ ಲೋಹದ ರೆಕ್ಕೆಗಳಿಗೂ, ಅಲ್ಲಿಂದ ಬೀಸಣಿಗೆಯ ಗಾಳಿಗೂ ಹರಿಯುವುದು. ಈ ದಾರಿಯ ಒಟ್ಟು ಅಡಚಣೆಯನ್ನು ‘ಉಷ್ಣರೋಧ’ವೆಂದು ಕರೆಯಬಹುದು. ಅದು ವಾಟಿಗೆ ೦.೪ ಡಿಗ್ರಿಯೆಂದು ಇಟ್ಟುಕೊಂಡರೆ, ೧೦೦ ವಾಟಿನ ಬಿಲ್ಲೆಯು ಸುತ್ತಲಿನ ಗಾಳಿಗಿಂತ ೪೦ ಡಿಗ್ರಿ ಹೆಚ್ಚು ಕಾಯುವುದು. ಸುತ್ತಲಿನ ಗಾಳಿಗಿಂತ ಎಂಬ ಮಾತಿನಲ್ಲಿಯೇ ಊರಿನ ಪ್ರಶ್ನೆ ಅಡಗಿದೆ.

ಬೆಂಗಳೂರಿನ ಕೊಠಡಿಯೊಂದರ ಗಾಳಿಯು ೨೭ ಡಿಗ್ರಿಯಿದ್ದರೆ ಅಲ್ಲಿಯ ಬಿಲ್ಲೆ ೬೭ ಡಿಗ್ರಿಯಲ್ಲಿ ನಿಲ್ಲುವುದು. ಬೇಸಗೆಯ ಮಧ್ಯಾಹ್ನದಲ್ಲಿ ಇರಕಲ್ಲಗಡದ ಕೊಠಡಿಯ ಗಾಳಿಯು ೪೦ ಡಿಗ್ರಿಯನ್ನು ಮುಟ್ಟಿದರೆ ಅದೇ ಬಿಲ್ಲೆ ೮೦ ಡಿಗ್ರಿಗೆ ಏರುವುದು. ಬಹುತೇಕ ಪ್ರೊಸೆಸರುಗಳು ೧೦೦ ಡಿಗ್ರಿಯ ಆಸುಪಾಸನ್ನು ಮುಟ್ಟುತ್ತಲೇ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುವಂತೆ ರಚಿತವಾಗಿವೆ. ಆದುದರಿಂದ ಬೆಂಗಳೂರಿನಲ್ಲಿ ಸುಮಾರು ೧೮೨ ವಾಟಿನವರೆಗೆ ದುಡಿಯಬಲ್ಲ ವ್ಯವಸ್ಥೆಯು ಇರಕಲ್ಲಗಡದಲ್ಲಿ ೧೫೦ ವಾಟಿಗೇ ನಿಲ್ಲಬೇಕು. ಆರನೆಯ ಒಂದು ಪಾಲಿಗಿಂತಲೂ ಹೆಚ್ಚು ನಷ್ಟ. ಬಯಲುಸೀಮೆಯ ಧೂಳು ರೆಕ್ಕೆಗಳ ನಡುವೆ ತುಂಬಿ ಉಷ್ಣರೋಧವು ಇಮ್ಮಡಿಯಾಯಿತೆಂದರೆ ಉಳಿಯುವುದು ೭೫ ವಾಟ್ ಮಾತ್ರ. ಬೇಸಗೆಯಲ್ಲಿ ಶಾಲೆಯ ಅಥವಾ ಕಚೇರಿಯ ಗಣಕವು ನಿಧಾನವಾದಾಗ ಯಂತ್ರವು ಹಳೆಯದಾಯಿತೆಂದು ಹೇಳುವುದುಂಟು. ಎಷ್ಟೋ ವೇಳೆ ಅದಕ್ಕೆ ಬೇಕಾಗಿರುವುದು ಮೆತ್ತನೆಯ ಕುಂಚ ಮತ್ತು ನೆರಳಿರುವ ಒಂದು ಮೂಲೆ.

ಶಾಖವನ್ನು ಸಾಗಿಸುವ ಉಪಾಯಗಳಲ್ಲಿ ನೀರಿನದು ಅಗ್ರಸ್ಥಾನ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಿರುವುದು, ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುವುದರಿಂದ. ಗಣಕಗಳ ‘ಶಾಖನಳಿಕೆ’ಯಲ್ಲಿಯೂ ಇದೇ ತತ್ತ್ವ, ವ್ಯತ್ಯಾಸವೇನೆಂದರೆ ಮುಚ್ಚಿದ ತಾಮ್ರದ ನಳಿಕೆಯಲ್ಲಿ ಆವಿಯು ತಣ್ಣನೆಯ ತುದಿಯಲ್ಲಿ ಮರಳಿ ನೀರಾಗಿ ಹಿಂದಕ್ಕೆ ಬರುವುದು, ಹನಿ ನೀರೂ ಹಾಳಾಗುವುದಿಲ್ಲ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ನೀರು ಗಾಳಿಗಿಂತ ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಶಾಖವನ್ನು ಹೊರಬಲ್ಲುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಮಹಾಗಣಕವು ತನ್ನ ಪರಮಾವಧಿಯಲ್ಲಿ ಸೆಕೆಂಡಿಗೆ ೩,೩೦೦ ಲಕ್ಷ ಕೋಟಿ ಗಣನೆಗಳನ್ನು ಮಾಡಬಲ್ಲುದು. ಆ ವರ್ಗದ ಯಂತ್ರಗಳಲ್ಲಿ ಶಾಖವನ್ನು ಒಯ್ಯಲು ದ್ರವವನ್ನು ಬಳಸುವುದು ಈಗ ವಾಡಿಕೆಯಾಗಿದೆ.

ಆದರೆ ಕಟ್ಟಡದಿಂದ ಹೊರಬಂದ ಶಾಖವು ಕೊನೆಗೆ ಊರಿನ ಗಾಳಿಗೇ ಸೇರಬೇಕು. ದೊಡ್ಡ ಗಣಕಶಾಲೆಗಳು ಹಲವೆಡೆ ನೀರನ್ನು ಆವಿಮಾಡಿಯೇ ಶಾಖವನ್ನು ಕಳೆಯುವುವು. ಕೊಪ್ಪಳದಂತಹ ಒಣಹವೆಯಲ್ಲಿ ಹರವಿಯ ಉಪಾಯವು ಕರಾವಳಿಗಿಂತ ಚೆನ್ನಾಗಿ ನಡೆಯುವುದು ನಿಜ. ಆದರೆ ಒಣಹವೆಯಿರುವ ಕಡೆಯಲ್ಲಿಯೇ ನೀರಿಗೆ ಬರ. ಯಂತ್ರದ ತಂಪಿನ ಬೆಲೆಯನ್ನು ಯಾರ ಬಾವಿ ತೆರಬೇಕೆಂಬ ಪ್ರಶ್ನೆಯನ್ನು ಲೆಕ್ಕದಿಂದ ಬಿಡುವಂತಿಲ್ಲ.

೬

ಶಾಖವನ್ನು ಸೊನ್ನೆಗೆ ಇಳಿಸುವುದು ಸಾಧ್ಯವೇ ಎಂಬುದು ಉಳಿದ ಪ್ರಶ್ನೆ. ೧೯೬೧ರಲ್ಲಿ ರಾಲ್ಫ್ ಲಾಂಡವರನು ಇದಕ್ಕೆ ಕೊಟ್ಟ ಉತ್ತರವು ಆಶ್ಚರ್ಯಕರವಾದುದು. ಲೆಕ್ಕ ಮಾಡುವುದಕ್ಕೆ ಇಷ್ಟೇ ಶಾಖವೆಂಬ ಕಟ್ಟಳೆಯಿಲ್ಲ. ಆದರೆ ಸ್ಮೃತಿಯಲ್ಲಿರುವ ಒಂದು ಸಂಕೇತವನ್ನು ಅಳಿಸುವುದಕ್ಕೆ ಕನಿಷ್ಠಪಕ್ಷ ಇಷ್ಟು ಶಾಖವು ಹೊರಡಲೇಬೇಕು. ೨೭ ಡಿಗ್ರಿಯಲ್ಲಿ ಆ ಮೊತ್ತವು ೨.೯ನ್ನು, ಒಂದರ ಮುಂದೆ ಇಪ್ಪತ್ತೊಂದು ಸೊನ್ನೆಗಳುಳ್ಳ ಸಂಖ್ಯೆಯಿಂದ ಭಾಗಿಸಿದಷ್ಟು ಜೂಲ್. ಫ್ರಾನ್ಸಿನ ಲಿಯೋನ್ ನಗರದಲ್ಲಿ ನಡೆದ ಪ್ರಯೋಗವೊಂದು ೨೦೧೨ರಲ್ಲಿ ಈ ಸಿದ್ಧಾಂತವನ್ನು ಸಮರ್ಥಿಸಿತು. ಬೆಲೆ ನೆನಪಿಗಲ್ಲ, ಮರೆವಿಗೆ.

ಇಂದಿನ ಪ್ರೊಸೆಸರುಗಳು ಪ್ರತಿಯೊಂದು ಬದಲಾವಣೆಗೂ ಈ ಕನಿಷ್ಠಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಶಕ್ತಿಯನ್ನು ವ್ಯಯಿಸುವುದರಿಂದ ಸುಧಾರಣೆಗೆ ಅವಕಾಶವು ಬೇಕಾದಷ್ಟಿದೆ. ಆದರೂ ಆ ಕನಿಷ್ಠವು ನಿರಪೇಕ್ಷ ಉಷ್ಣತೆಯನ್ನು ಅನುಸರಿಸುವುದರಿಂದ, ೨೭ ಡಿಗ್ರಿಗಿಂತ ೪೦ ಡಿಗ್ರಿಯಲ್ಲಿ ಅದು ನೂರಕ್ಕೆ ನಾಲ್ಕರಷ್ಟು ಹೆಚ್ಚು. ಬಳಕೆಯ ಯಂತ್ರದ ಲೆಕ್ಕದಲ್ಲಿ ಮೊದಲ ಅಂಕೆಯಾಗಿ ನಿಂತ ಊರಿನ ಉಷ್ಣತೆಯು ಅಂತಿಮವಾದ ಎಲ್ಲೆಯ ಲೆಕ್ಕದಲ್ಲಿಯೂ ಬಿಡದೆ ಬರುತ್ತದೆ. ಗಣನೆಯು ದೇಶಕಾಲಗಳಿಗೆ ಹೊರತಾದುದೆಂದು ಗಣಿತವು ಹೇಳಬಹುದು. ಗಣಕಯಂತ್ರವಾದರೋ ತಾನಿರುವ ಊರಿನ ಹವೆಗೆ ಒಳಪಟ್ಟೇ ಇರುವುದು.