ತೊಟ್ಟಿಲಾಚೆಯ ಪ್ರಶ್ನೆ

ಉದ್ಯೋಗಸ್ಥ ತಾಯಿಯ ಕಷ್ಟವೆಂದರೆ ಹಸುಗೂಸಿನ ಕಷ್ಟ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಹೆರಿಗೆ ರಜೆ, ಹಾಲೂಡಿಸುವ ವಿರಾಮ, ಶಿಶುಪಾಲನಾ ಕೇಂದ್ರ ಇವೆಲ್ಲ ತೊಟ್ಟಿಲಿನ ಸುತ್ತ ಹುಟ್ಟಿದ ಏರ್ಪಾಡುಗಳು. ಮಗು ನಡೆಯಲು ಕಲಿತು ಶಾಲೆಯ ಮೆಟ್ಟಿಲೇರಿದೊಡನೆ ತಾಯಿಯ ಭಾರ ಇಳಿಯಿತೆಂದು ಕಚೇರಿಯೂ ಕಾನೂನೂ ನೆಂಟರಿಷ್ಟರೂ ಭಾವಿಸುತ್ತಾರೆ. ಇದು ಎಷ್ಟರ ಮಟ್ಟಿಗೆ ಸರಿ? ಹೆಣ್ಣಿನ ದುಡಿಮೆಗೆ ದೀರ್ಘ ಇತಿಹಾಸವಿರುವ ಉಡುಪಿ ಸೀಮೆಯನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ತುಳುನಾಡಿನಲ್ಲಿ ದುಡಿಯುವ ತಾಯಿ ಹೊಸಬಳೇನೂ ಅಲ್ಲ. ಕಾಪು, ಮಲ್ಪೆಯ ಕಡಲ ಕರೆಯಿಂದ ಮೀನಿನ ಬುಟ್ಟಿ ಹೊತ್ತು ಒಳನಾಡಿನ ಸಂತೆಗಳಿಗೆ ಹೋಗುತ್ತಿದ್ದವರು ಮೊಗವೀರ ಹೆಂಗಸರು. ಗಂಡಸು ಬಲೆ ಬೀಸಿದರೆ, ಹಿಡಿದ ಮೀನನ್ನು ಹಣವಾಗಿ ಮಾಡುವ ವ್ಯವಹಾರ ಹೆಣ್ಣಿನದು. ನಾಟಿ, ಕೊಯ್ಲಿನ ಗದ್ದೆಗಳಲ್ಲಿ ಮುಂದೆ ನಿಂತವಳೂ ಅವಳೇ. ಮುಂದೆ ಕಾರ್ಕಳದ ಹಳ್ಳಿಗಳಲ್ಲಿ ಬೀಡಿ ಕಟ್ಟುವ ಕೆಲಸ ಮನೆಯ ಜಗಲಿಗೇ ಬಂತು. ಗೇರುಬೀಜದ ಕಾರ್ಖಾನೆಗಳೂ ಹೆಂಗಸರ ಕೈಗಳನ್ನೇ ನೆಚ್ಚಿಕೊಂಡವು. ಮನೆಯ ಗಂಡಸರು ಮುಂಬಯಿಯ ಹೋಟೆಲುಗಳಿಗೂ, ಆಮೇಲೆ ಕೊಲ್ಲಿ ದೇಶಗಳಿಗೂ ಹೊರಟರು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರಿದ್ದುದಕ್ಕೆ ಈ ವಲಸೆಯೂ ಒಂದು ಕಾರಣ.

ಹಾಗಾದರೆ ಮಕ್ಕಳನ್ನು ನೋಡಿಕೊಂಡವರು ಯಾರು? ಬಂಟ, ಬಿಲ್ಲವ, ಮೊಗವೀರ ಮುಂತಾದ ಸಮುದಾಯಗಳಲ್ಲಿ ರೂಢಿಯಲ್ಲಿದ್ದ ಅಳಿಯಸಂತಾನ ಕಟ್ಟಿನಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುತ್ತಿದ್ದವು. ಮಗು ಸೇರುತ್ತಿದ್ದುದು ತಾಯಿಯ ಕುಟುಂಬಕ್ಕೆ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ತುಳುವಿನಲ್ಲಿ ತಮ್ಮಲೆ ಎಂದು ಕರೆಯುವ ಸೋದರಮಾವ, ಇವರೆಲ್ಲರಿಗೂ ಮಗುವಿನ ಮೇಲೆ ಅಧಿಕಾರವಿತ್ತು, ಹೊಣೆಯೂ ಇತ್ತು. ಈ ಕಟ್ಟನ್ನು ಸ್ತ್ರೀ ಸ್ವಾತಂತ್ರ್ಯದ ಸುವರ್ಣಯುಗವೆಂದು ಬಣ್ಣಿಸುವುದು ತಪ್ಪಾದೀತು. ಬಹುಪಾಲು ಮನೆಗಳಲ್ಲಿ ಯಜಮಾನಿಕೆ ಸೋದರಮಾವನ ಕೈಯಲ್ಲೇ ಇತ್ತು. ಆದರೆ ಮಗುವಿನ ಪಾಲನೆ ತಾಯಿಯೊಬ್ಬಳದೇ ಕೆಲಸ ಎಂಬ ಕಲ್ಪನೆಗೆ ಅಲ್ಲಿ ಎಡೆಯಿರಲಿಲ್ಲ ಎಂಬುದು ಗಮನಾರ್ಹ.

1949ರ ಮದರಾಸು ಅಳಿಯಸಂತಾನ ಕಾಯಿದೆ ಕುಟುಂಬಗಳ ಪಾಲುಪಟ್ಟಿಗೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಆಸ್ತಿಯ ಕ್ರಮವನ್ನೇ ಬದಲಿಸಿತು. ದೊಡ್ಡ ಮನೆಗಳು ಒಡೆಯುತ್ತಿದ್ದ ಅದೇ ಕಾಲದಲ್ಲಿ ಸಂಬಳದ ಉದ್ಯೋಗಗಳು ಬೆಳೆಯತೊಡಗಿದವು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1962ರಲ್ಲೇ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯನ್ನು ತೆರೆದಿತ್ತು. ಹೆಣ್ಣುಮಕ್ಕಳು ವೈದ್ಯರಾದರು, ದಾದಿಯರಾದರು, ಅಧ್ಯಾಪಕಿಯರಾದರು, ಬ್ಯಾಂಕಿನ ಅಧಿಕಾರಿಗಳಾದರು. ಉದ್ಯೋಗ ಬಂದಾಗ ಜಗಲಿ ತುಂಬ ಇದ್ದ ಜನ ಮಾತ್ರ ಇಲ್ಲವಾಗಿದ್ದರು.

ಆ ತೆರವನ್ನು ತುಂಬಲು ಕಾನೂನು ಪ್ರಯತ್ನಿಸಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರಗಳ ರಜೆ ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಕರ್ಯ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ಆರಂಭಿಸಿತು. ಎಲ್ಲವೂ ಸ್ವಾಗತಾರ್ಹವೇ. ಆದರೆ ಎಲ್ಲದರ ದೃಷ್ಟಿಯೂ ಕೂಸಿನ ಮೇಲೆ.

ಒಂದು ಸರಳ ಲೆಕ್ಕ ಹಾಕೋಣ. ವೈದ್ಯಳಾಗಬಯಸುವ ಹುಡುಗಿ ಹದಿನೆಂಟಕ್ಕೆ ಕಾಲೇಜು ಸೇರಿದರೆ ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ, ಸ್ನಾತಕೋತ್ತರ ಪದವಿಗೆ ಮೂರು ವರ್ಷ. ಅದು ಮುಗಿಯುವಾಗ ಅವಳಿಗೆ ಇಪ್ಪತ್ತೇಳರ ಹತ್ತಿರ. ಇಪ್ಪತ್ತೆಂಟಕ್ಕೆ ಮಗುವಾಯಿತೆನ್ನಿ. ಆ ಮಗು ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ತಾಯಿಗೆ ನಲವತ್ತನಾಲ್ಕು. ವಿಭಾಗದ ಹೊಣೆ, ಬಡ್ತಿ, ಬೇರೆ ಊರಿಗೆ ವರ್ಗಾವಣೆ ಎಲ್ಲವೂ ಬಾಗಿಲು ತಟ್ಟುವ ವಯಸ್ಸು ಅದೇ. ಹಸುಗೂಸನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಹೋಗಬಹುದು. ಹದಿನೈದರ ಮಗಳು ಮನಸ್ಸಿನ ಗೊಂದಲವನ್ನು ಹೇಳಿಕೊಳ್ಳಲು ಕಾಯುವುದು ಅಮ್ಮನಿಗಾಗಿ. ಅದೂ ಅವಳಿಗೆ ಹೇಳಬೇಕೆನಿಸಿದ ಗಳಿಗೆಯಲ್ಲಿ. ಆ ಗಳಿಗೆ ಡ್ಯೂಟಿ ಪಟ್ಟಿಯನ್ನು ನೋಡಿ ಬರುವುದಿಲ್ಲ. ಮೊದಲ ಮಗುವಾದಾಗ ಕಾಪಾಡಿಕೊಂಡ ಉದ್ಯೋಗವನ್ನು ಪಿ.ಯು.ಸಿ. ವರ್ಷದಲ್ಲಿ ಕೈಬಿಡುವ, ಇಲ್ಲವೇ ಬಡ್ತಿ ಬೇಡವೆನ್ನುವ ತಾಯಂದಿರಿರುವುದು ಈ ಕಾರಣಕ್ಕೆ. ಅದನ್ನು ತ್ಯಾಗವೆಂದು ಹೊಗಳುವುದು ಸುಲಭ. ಅವಳಿಗೆ ಬೇರೆ ದಾರಿ ಇತ್ತೇ ಎಂದು ಕೇಳುವುದು ಕಷ್ಟ.

ಸರ್ಕಾರಿ ನೌಕರಿಯಲ್ಲಿ ಒಂದು ಕಿಂಡಿ ತೆರೆದಿದೆ. ಕೇಂದ್ರ ಸರ್ಕಾರ 2008ರಿಂದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ ಒಟ್ಟು 730 ದಿನಗಳ ಮಕ್ಕಳ ಪಾಲನಾ ರಜೆ ನೀಡಿತು. ಮಗುವಿಗೆ ಹದಿನೆಂಟು ತುಂಬುವವರೆಗೆ, ಪರೀಕ್ಷೆಗೋ ಕಾಯಿಲೆಗೋ ಅದನ್ನು ಬಳಸಬಹುದು. ಕರ್ನಾಟಕ ಸರ್ಕಾರವೂ 2021ರಲ್ಲಿ ಆರು ತಿಂಗಳ ಪಾಲನಾ ರಜೆಯನ್ನು ಜಾರಿಗೆ ತಂದಿತು. ಬೀಡಿ ಕಟ್ಟುವಾಕೆಗೆ ಈ ಕಿಂಡಿಯೂ ಇಲ್ಲ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವವಳಿಗೆ ಮಗನ ಶಾಲೆಯ ಸಭೆಗೆ ಹೋದ ಅರ್ಧ ದಿನವೆಂದರೆ ಕಟ್ಟದೆ ಉಳಿದ ಬೀಡಿಗಳು. ಜಗಲಿಯಲ್ಲೇ ಕೂತಿದ್ದಾಳೆ, ಮಕ್ಕಳು ಕಣ್ಣೆದುರಿಗೇ ಇವೆ ಎಂಬುದು ನಿಜ. ಆದರೆ ಗೆರಸೆಯಿಂದ ಕಣ್ಣೆತ್ತಿದರೆ ಲೆಕ್ಕ ತಪ್ಪುತ್ತದೆ. ಮಣಿಪಾಲದ ವೈದ್ಯಳ ಮಗುವನ್ನು ನೋಡಿಕೊಳ್ಳುವ ಹೆಂಗಸಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ ಎಂಬುದನ್ನೂ ಇಲ್ಲಿ ನೆನೆಯಬೇಕು.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಇನ್ನೂರು ವರ್ಷಗಳ ದಾಖಲೆಗಳನ್ನು ಶೋಧಿಸಿದವರು. ಒಂದೇ ವೃತ್ತಿಯ ಗಂಡು ಹೆಣ್ಣಿನ ಗಳಿಕೆಯ ಅಂತರ ಬಹುಮಟ್ಟಿಗೆ ಮೊದಲ ಮಗುವಿನೊಂದಿಗೆ ತೆರೆದುಕೊಳ್ಳುತ್ತದೆ ಎಂದು ಅವರು ತೋರಿಸಿದರು. ಕರೆದಾಗಲೆಲ್ಲ ಓಡಿಬರುವವರಿಗೆ ಮಾತ್ರ ಹೆಚ್ಚು ಪ್ರತಿಫಲ ಕೊಡುವ ಉದ್ಯೋಗಗಳಲ್ಲಿ ಈ ಅಂತರ ದೊಡ್ಡದು. ಒಬ್ಬರ ಪಾಳಿಯನ್ನು ಇನ್ನೊಬ್ಬರು ಸುಲಭವಾಗಿ ವಹಿಸಿಕೊಳ್ಳಬಲ್ಲ ಔಷಧಿ ಅಂಗಡಿಗಳ ಫಾರ್ಮಸಿಸ್ಟರಲ್ಲಿ ಅದು ಚಿಕ್ಕದು. ಅಂದರೆ ಕೊರತೆ ತಾಯಿಯ ಮನಸ್ಸಿನಲ್ಲಿಲ್ಲ, ಕೆಲಸವನ್ನು ಜೋಡಿಸಿರುವ ರೀತಿಯಲ್ಲಿದೆ.

ಹಳೆಯ ಕುಟುಂಬ ನಡೆದದ್ದು ಇದೇ ಸೂತ್ರದ ಮೇಲೆ: ಒಬ್ಬರಿಲ್ಲದಾಗ ಇನ್ನೊಬ್ಬರು. ಆ ದೊಡ್ಡ ಮನೆಗಳು ಮರಳಿ ಬರಲಾರವು, ಬರಬೇಕಾಗಿಯೂ ಇಲ್ಲ. ಆದರೆ ಅಲ್ಲಿ ಸೋದರಮಾವ ಹೊತ್ತ ಹೊಣೆಯಲ್ಲಿ ಪಾಲು ಕೇಳಬೇಕಾದವನು ಇಂದು ಮಗುವಿನ ತಂದೆ. ಕೇಂದ್ರ ಸರ್ಕಾರ ತನ್ನ ಪುರುಷ ನೌಕರರಿಗೆ ಕೊಡುವ ಪಿತೃತ್ವ ರಜೆ 15 ದಿನ. ಹದಿನೆಂಟು ವರ್ಷ ಬೆಳೆಯುವ ಮಗುವಿಗೆ ಅಪ್ಪನ ಕಡೆಯಿಂದ ಕಾನೂನು ಎತ್ತಿಟ್ಟಿರುವ ಕಾಲ ಅಷ್ಟು. ತಾಯಿಯ ಉದ್ಯೋಗದ ಚರ್ಚೆ ಇನ್ನು ಅಲ್ಲಿಂದ ಆರಂಭವಾಗಬೇಕು.